ಎಂಟೂ ನಾಲ್ಕೂ ಹನ್ನೆರಡಲ್ಲ

ಸೋಮವಾರ ಬೆಳಿಗ್ಗೆ ಅಂಗಡಿಯ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಹುಡುಗನೊಬ್ಬ ಬಗ್ಗಿಕೊಂಡು ಒಳಗೆ ಬಂದ. ಡೊಂಬಿವಲಿಯಿಂದ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದವನು. ಹೆಗಲ ಚೀಲದಲ್ಲಿ ಬೇಸ್ ಗಿಟಾರಿನ ಆಂಪ್ಲಿಫೈಯರ್ ಇತ್ತು, ನಮ್ಮ ಕಸುಬಿನಲ್ಲಿ ‘ಹೆಡ್’ ಎನ್ನುವುದು. ಅದನ್ನು ಮೇಜಿನ ಮೇಲಿಟ್ಟು, “ಅಣ್ಣಾ, ಇದು ಸತ್ತುಹೋಗಿದೆ” ಎಂದ.

ಹಿಂದಿನ ರಾತ್ರಿ ಕುರ್ಲಾದ ಸಭಾಂಗಣವೊಂದರಲ್ಲಿ ನೆಂಟರ ಮದುವೆಯ ಆರತಕ್ಷತೆ. ಇವನ ತಂಡದ ಆರ್ಕೆಸ್ಟ್ರಾ. ಅರ್ಧ ಗಂಟೆ ಚೆನ್ನಾಗಿ ನುಡಿದ ಹೆಡ್ ಒಂದು ಹಾಡಿನ ನಡುವೆ ಮೌನವಾಯಿತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಬಂತು, ಎರಡು ಹಾಡಿಗೆ ಮತ್ತೆ ಹೋಯಿತು. ಹೋಗಿ ಬಂದು ಮಾಡುವುದು ಸತ್ತದ್ದಲ್ಲ, ಎಲ್ಲೋ ಏದುಸಿರು ಬಿಡುತ್ತಿದೆ ಎಂದು ನನಗೆ ಆಗಲೇ ಅನಿಸಿತು. ಯಾವ ಕ್ಯಾಬಿನೆಟ್‌ಗಳಿಗೆ, ಅಂದರೆ ಸ್ಪೀಕರ್ ಪೆಟ್ಟಿಗೆಗಳಿಗೆ, ಜೋಡಿಸಿದ್ದೆ ಎಂದು ಕೇಳಿದೆ. ತನ್ನದು 8 ಓಮ್, ಗೆಳೆಯನಿಂದ ತಂದದ್ದು 4 ಓಮ್. ಓಮ್ ಎಂದರೆ ಕರೆಂಟಿಗೆ ಪೆಟ್ಟಿಗೆ ಒಡ್ಡುವ ತಡೆಯ ಅಳತೆ. ಹೆಡ್ಡಿನ ಹಿಂಭಾಗದಲ್ಲಿ ‘ಕನಿಷ್ಠ 4 ಓಮ್’ ಎಂದು ಬರೆದಿರುವುದನ್ನು ಅವನು ಓದಿದ್ದ. ಲೆಕ್ಕವನ್ನೂ ಹಾಕಿದ್ದ: “ಎಂಟೂ ನಾಲ್ಕೂ ಹನ್ನೆರಡು. ನಾಲ್ಕಕ್ಕಿಂತ ಎಷ್ಟೋ ಹೆಚ್ಚಲ್ಲವೇ ಅಣ್ಣಾ?”

ಹುಡುಗನನ್ನು ಬೈಯುವಂತಿಲ್ಲ. ಹೆಡ್ಡಿನಿಂದ ಒಂದು ತಂತಿ ಮೊದಲ ಕ್ಯಾಬಿನೆಟ್‌ಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ತಂತಿ ಎರಡನೆಯದಕ್ಕೆ. ಕಣ್ಣಿಗೆ ಅದು ಸರಪಳಿ. ಶಾಲೆಯಲ್ಲಿ ಕಲಿತ ಸೀರೀಸ್ ಚಿತ್ರ ನೆನಪಾಗಿ ಯಾರೇ ಆದರೂ ಕೂಡಿಬಿಡುತ್ತಾರೆ. ಆದರೆ ಕ್ಯಾಬಿನೆಟ್ಟಿನ ಹಿಂದಿನ ಆ ಎರಡು ಜ್ಯಾಕ್‌ಗಳ ಫಲಕದ ಸ್ಕ್ರೂ ಬಿಚ್ಚಿ ನೋಡಿ: ಒಂದರ ಪ್ಲಸ್ ಇನ್ನೊಂದರ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ನೇರವಾಗಿ ಬೆಸೆದಿರುತ್ತದೆ. ಹೊರಗೆ ಕಾಣುವುದು ಸರಪಳಿ, ಒಳಗಿರುವುದು ಪ್ಯಾರಲಲ್, ಅಂದರೆ ಅಕ್ಕಪಕ್ಕದ ಜೋಡಣೆ.

ಮುಂಬಯಿಯಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದನ್ನು ನಲ್ಲಿಯಿಂದ ತೋರಿಸುವುದು ಸುಲಭ. ಮಾಳಿಗೆಯ ಟ್ಯಾಂಕಿನಿಂದ ಒಂದು ನಲ್ಲಿ ಬಿಟ್ಟಿದ್ದೀರಿ. ಎರಡನೆಯದನ್ನೂ ಬಿಟ್ಟರೆ ಟ್ಯಾಂಕಿಗೆ ಭಾರ ಕಡಿಮೆಯಾಗುವುದಿಲ್ಲ, ನೀರು ಇನ್ನೂ ಬೇಗ ಇಳಿಯುತ್ತದೆ. 8 ಓಮ್ ಸಣ್ಣ ನಲ್ಲಿ, 4 ಓಮ್ ಅದರ ಎರಡರಷ್ಟು ಬಿಡುವ ನಲ್ಲಿ. ಎರಡೂ ಬಿಟ್ಟಾಗ ಒಟ್ಟು ತಡೆ ಹನ್ನೆರಡಲ್ಲ, 2.67 ಓಮ್. 8 ಓಮಿನವು ಎರಡಾದರೆ 4, 4 ಓಮಿನವು ಎರಡಾದರೆ 2.

ಈ ಹೆಡ್ 4 ಓಮ್‌ಗೆ 500 ವ್ಯಾಟ್ ಕೊಡುವಂಥದ್ದು. ಅಂದರೆ ಸುಮಾರು 45 ವೋಲ್ಟ್, 11 ಆಂಪಿಯರ್. ಅದೇ 45 ವೋಲ್ಟನ್ನು 2.67 ಓಮಿಗೆ ಒಡ್ಡಿದರೆ ಕರೆಂಟ್ 17 ಆಂಪಿಯರಿಗೆ ಹಾರುತ್ತದೆ, ಕಾಗದದ ಮೇಲೆ 750 ವ್ಯಾಟ್ ಆಗುತ್ತದೆ. ಅಷ್ಟನ್ನು ಕೊಡಲು ಒಳಗಿನ ಟ್ರಾನ್ಸಿಸ್ಟರ್‌ಗಳಿಗೂ ಪವರ್ ಸಪ್ಲೈಗೂ ತ್ರಾಣವಿಲ್ಲ. ಬಿಸಿಯಾಗಿ, ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿತು. ಅದಿಲ್ಲದ ಹಳೆಯ ಹೆಡ್ ಆಗಿದ್ದರೆ ಮದುವೆ ಮನೆಯಲ್ಲಿ ಹೊಗೆ ಏಳುತ್ತಿತ್ತು.

ಇನ್ನೊಂದು ಹುಳುಕೂ ಅಲ್ಲಿತ್ತು. ಪ್ಯಾರಲಲ್‌ನಲ್ಲಿ ಪಾಲು ಸಮನಾಗುವುದಿಲ್ಲ. ಬಂದ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು 4 ಓಮಿನ ಪೆಟ್ಟಿಗೆಗೆ, ಒಂದು ಪಾಲು 8 ಓಮಿನದಕ್ಕೆ. ಗೆಳೆಯನಿಂದ ತಂದ ಆ 4 ಓಮ್ ಪೆಟ್ಟಿಗೆ 200 ವ್ಯಾಟ್ ತಾಳುವ ಒಂಟಿ ಹತ್ತಿಂಚಿನ ಸ್ಪೀಕರಿನದು, ಸ್ವಂತದ್ದು ಅದಕ್ಕಿಂತ ಗಟ್ಟಿ. ಬಡವನ ತಟ್ಟೆಗೇ ಎರಡು ಪಾಲು ಬಡಿಸಿದಂತಾಯಿತು. ಹೆಡ್ ಸುಮ್ಮನಾಗಿದ್ದು ಗೆಳೆತನ ಉಳಿಸಿತು ಎಂದೇ ಹೇಳಬೇಕು.

ಇಲ್ಲಿಗೆ ಓಮಿನ ಮಾತು ಮುಗಿಯಿತು, ಅದು ಗಣಿತ. ವ್ಯಾಟಿನ ಮಾತು ಅಷ್ಟು ನೇರವಲ್ಲ. ದೊಡ್ಡ ಹೆಡ್ ಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ನನ್ನದು 800 ವ್ಯಾಟ್, ಕ್ಯಾಬಿನೆಟ್ ಎಷ್ಟು ವ್ಯಾಟಿನದು ಬೇಕು?” ಎರಡೂ ಕಡೆ ಬರೆದಿರುವುದು ಒಂದೇ ಬಗೆಯ ವ್ಯಾಟ್ ಎಂದು ಅವರು ನಂಬಿರುತ್ತಾರೆ. ಹೆಡ್ಡಿನ ಮೇಲಿನ ವ್ಯಾಟ್ ಇಷ್ಟು ಓಮ್ ಕೊಟ್ಟರೆ ಇಷ್ಟು ಕೊಡುತ್ತೇನೆ ಎಂಬ ಷರತ್ತಿನ ಮಾತು. ಅದೇ 800 ವ್ಯಾಟ್ 4 ಓಮಿಗಾದರೆ, ಒಂದೇ 8 ಓಮ್ ಪೆಟ್ಟಿಗೆ ಜೋಡಿಸಿದಾಗ ಸಿಗುವುದು ಹೆಚ್ಚುಕಡಿಮೆ ಅರ್ಧ. ಕ್ಯಾಬಿನೆಟ್ಟಿನ ಮೇಲಿನ ವ್ಯಾಟ್ ಹೇಳುವುದು ಬಹುಮಟ್ಟಿಗೆ ಶಾಖದ ಸಂಗತಿಯನ್ನು ಮಾತ್ರ.

ನನ್ನ ಮೇಜಿನ ಕೆಳಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಸತ್ತ ವಾಯ್ಸ್ ಕಾಯಿಲ್‌ಗಳನ್ನು, ಅಂದರೆ ಸ್ಪೀಕರಿನ ಕೋನ್ ಎಂಬ ಶಬ್ದದ ಪರದೆಯನ್ನು ಹಿಂದೆ ಮುಂದೆ ತಳ್ಳುವ ತಂತಿ ಸುರುಳಿಗಳನ್ನು, ಕೂಡಿಟ್ಟಿದ್ದೇನೆ. ಗಿರಾಕಿಗಳು ಎಲ್ಲವನ್ನೂ ‘ಸುಟ್ಟುಹೋಯಿತು’ ಎಂದೇ ತಂದಿದ್ದರು. ಹುಡುಗನಿಗೆ ಎರಡನ್ನು ತೆಗೆದು ತೋರಿಸಿದೆ. ಮೊದಲನೆಯದು ಸುತ್ತಲೂ ಕಪ್ಪು, ತಂತಿಯ ಮೇಲಿನ ವಾರ್ನಿಶ್ ಗುಳ್ಳೆ ಎದ್ದು ಸುರುಳಿಗಳು ಸಡಿಲಾಗಿವೆ. ಮೂಗಿಗೆ ಹಿಡಿದರೆ ಈಗಲೂ ಕಮಟು. ಇದು ನಿಜವಾಗಿ ಸುಟ್ಟದ್ದು. ಸ್ಪೀಕರಿಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಕೆಲವೇ ಪಾಲು ಶಬ್ದವಾಗುತ್ತದೆ, ಉಳಿದದ್ದೆಲ್ಲ ಈ ಬೆರಳಗಲದ ತಾಮ್ರದಲ್ಲಿ ಶಾಖವಾಗುತ್ತದೆ.

ಎರಡನೆಯದರ ತಾಮ್ರ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿದೆ. ಆದರೆ ಸುರುಳಿ ಸುತ್ತಿದ ಕೊಳವೆಯ ಕೆಳಗಿನ ಅಂಚು ಯಾರೋ ಸುತ್ತಿಗೆಯಿಂದ ಬಡಿದಂತೆ ನಜ್ಜಾಗಿದೆ, ಕೋನ್‌ನಿಂದ ಹೊರಟ ಹೆಣೆದ ತಂತಿ ತುಂಡಾಗಿದೆ. ಇದು ಸುಟ್ಟದ್ದಲ್ಲ, ಬಡಿದುಕೊಂಡು ಸತ್ತದ್ದು. ಕೋನ್ ತನ್ನ ಮಿತಿ ಮೀರಿ ಹಿಂದೆ ಹೋಗಿ ಮ್ಯಾಗ್ನೆಟ್ಟಿನ ಹಿಂದಿನ ತಟ್ಟೆಗೆ ಅಪ್ಪಳಿಸಿದೆ. ಅದು 400 ವ್ಯಾಟಿನ ಹನ್ನೆರಡಿಂಚಿನ ಸ್ಪೀಕರ್. ಐದು ತಂತಿಯ ಬೇಸ್ ನುಡಿಸುವ ಅದರ ಯಜಮಾನರು 200 ವ್ಯಾಟ್ ಮೀರಿ ಕೊಟ್ಟಿಲ್ಲ ಎಂದು ಆಣೆ ಮಾಡಿದ್ದರು. ಅವರು ಸುಳ್ಳು ಹೇಳಿರಲಿಲ್ಲ ಎಂದೇ ನನ್ನ ನಂಬಿಕೆ.

ಕಾರಣ ಹೀಗೆ. ಸ್ವರ ಕೆಳಗಿಳಿದಂತೆ ಅಷ್ಟೇ ಗಟ್ಟಿ ಕೇಳಿಸಲು ಕೋನ್ ಇನ್ನೂ ದೂರ ಓಡಾಡಬೇಕು. ಆವರ್ತನ ಅರ್ಧವಾದರೆ ಓಡಾಟ ನಾಲ್ಕು ಪಟ್ಟು. ನಾಲ್ಕು ತಂತಿಯ ಬೇಸಿನ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್, ಐದನೆಯ ಬಿ ತಂತಿ ಸುಮಾರು 31. ಮುಂಭಾಗದಲ್ಲಿ ಗಾಳಿಗಂಡಿ ಇರುವ ಪೆಟ್ಟಿಗೆಗಳು ಒಂದು ಆವರ್ತನಕ್ಕೆ ಶ್ರುತಿಗೊಂಡಿರುತ್ತವೆ. ಅದರ ಹತ್ತಿರ ಒಳಗಿನ ಗಾಳಿ ಕೋನನ್ನು ಹಿಡಿದಿಡುತ್ತದೆ. ಅದಕ್ಕಿಂತ ಕೆಳಗೆ ಗಾಳಿ ಗಂಡಿಯಿಂದ ಸುಮ್ಮನೆ ಹೊರಗೆ ಹೋಗಿ ಬಂದು ಮಾಡುತ್ತದೆ, ಕೋನಿಗೆ ತಡೆಯುವವರೇ ಇಲ್ಲ. 50 ಹರ್ಟ್ಸಿಗೆ ಶ್ರುತಿಯಾದ ಪೆಟ್ಟಿಗೆಯಲ್ಲಿ ಬಿ ತಂತಿ ಮೀಟಿ, ಮೇಲಿಂದ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ? ಆ ಗುಂಡಿಯ 10 ಡೆಸಿಬೆಲ್ ಎಂದರೆ ಆ ಭಾಗಕ್ಕೆ ಹತ್ತು ಪಟ್ಟು ವ್ಯಾಟ್. 400 ಎಂದು ಬರೆದ ಸ್ಪೀಕರ್ ಅಂಥ ಸ್ವರಕ್ಕೆ ಅದರ ಅರ್ಧದಲ್ಲೇ ನೆಲ ಕಚ್ಚಬಹುದು. ಅದಕ್ಕೇ ದೊಡ್ಡ ಹೆಡ್ ಕೊಂಡವರಿಗೆ ನಾನು ಹೇಳುವ ಮೊದಲ ಖರ್ಚು ಇನ್ನೊಂದು ಕ್ಯಾಬಿನೆಟ್ ಅಲ್ಲ, ಸುಮಾರು 30–40 ಹರ್ಟ್ಸಿನ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್. ಕೆಲವು ಹೆಡ್‌ಗಳಲ್ಲೇ ಅದು ಇರುತ್ತದೆ, ಇಲ್ಲವಾದರೆ ಪೆಡಲ್ ಸಿಗುತ್ತದೆ. ಕತ್ತರಿಸಿದರೆ ಬೇಸ್ ಹೋಗುತ್ತದೆ ಎಂದು ಹೆದರುತ್ತಾರೆ. ನಿಮ್ಮ ಪೆಟ್ಟಿಗೆ ಹೇಗೂ ನುಡಿಸಲಾರದ ಸ್ವರವನ್ನು ಕತ್ತರಿಸಿದರೆ ಹೋಗುವುದೇನು?

ಕಡಿಮೆ ವ್ಯಾಟಿನ ಹೆಡ್ಡೇ ಸ್ಪೀಕರನ್ನು ಕೊಲ್ಲುತ್ತದೆ ಎಂಬ ಮಾತನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇವತ್ತಿಗೂ ಕೇಳುತ್ತೇನೆ. ಹೆಡ್ ತನ್ನ ಮಿತಿ ಮೀರಿ ಅಲೆಯ ತಲೆ ಕತ್ತರಿಸಿದಾಗ ಸರಾಸರಿ ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಹೆಚ್ಚೆಂದರೆ ಎರಡು ಪಟ್ಟು. 100 ವ್ಯಾಟಿನ ಹೆಡ್ ಎಷ್ಟೇ ಕಿರುಚಿದರೂ 400 ವ್ಯಾಟಿನ ದೊಡ್ಡ ಕೋನ್ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಪೆಟ್ಟಿಗೆಯ ಮೂಲೆಯಲ್ಲಿ ಮೇಲಿನ ಸ್ವರಗಳಿಗೆಂದು ಇರುವ ಪುಟ್ಟ ಸ್ಪೀಕರ್, ಟ್ವೀಟರ್, ಮಾತ್ರ ಪ್ರಾಣ ಬಿಡಬಹುದು.

ಹಾಗಾದರೆ 800ರ ಹೆಡ್ಡಿಗೆ ಏನು ಜೋಡಿಸಬೇಕು? ನನ್ನ ಆಯ್ಕೆ ಒಂದೇ ಬಗೆಯ ಎರಡು 8 ಓಮ್ ಪೆಟ್ಟಿಗೆಗಳು. ತಲಾ 400ರಿಂದ 500 ವ್ಯಾಟ್, ಒಂದರ ಮೇಲೊಂದು. ಚಿಕ್ಕ ಜಾಗಕ್ಕೆ ಒಂದನ್ನೇ ಒಯ್ಯಬಹುದು, ದೊಡ್ಡದಕ್ಕೆ ಎರಡನ್ನೂ. ಎರಡನೆಯದನ್ನು ಸೇರಿಸಿದಾಗ ಕೆಳಸ್ವರಗಳಲ್ಲಿ ಹೆಚ್ಚುಕಡಿಮೆ 6 ಡೆಸಿಬೆಲ್ ಸಿಗುತ್ತದೆ: ಅದರಲ್ಲಿ ಅರ್ಧ ಪಾಲು ಹೆಡ್ ಹೆಚ್ಚು ಶಕ್ತಿ ಕೊಡುವುದರಿಂದ, ಉಳಿದರ್ಧ ಎರಡೂ ಪೆಟ್ಟಿಗೆಗಳ ಕೋನ್ ಒಟ್ಟಿಗೆ ತಳ್ಳುವುದರಿಂದ. ಬರೀ ಹೆಡ್ ಬದಲಿಸಿ 800ನ್ನು 1600 ಮಾಡಿದರೆ ಬರುವುದು 3 ಡೆಸಿಬೆಲ್, ಕಿವಿಗೆ ‘ಸ್ವಲ್ಪ ಏರಿತು’ ಅನ್ನುವಷ್ಟು. ಕೊಳ್ಳುವಾಗ ವ್ಯಾಟ್ ನೋಡುವ ಮುಂಚೆ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿದ್ದಾರೆ ನೋಡಿ. 97ರ ಪೆಟ್ಟಿಗೆ ಬಿಟ್ಟು 100ರದನ್ನು ಕೊಂಡರೆ ಹೆಡ್ಡಿನ ವ್ಯಾಟನ್ನು ಇಮ್ಮಡಿಸಿದ ಹಾಗೆ. ಪೆಟ್ಟಿಗೆ ಚಿಕ್ಕದಿರಬೇಕು, ಕೆಳಸ್ವರವೂ ಬೇಕು, ಜೋರೂ ಬೇಕು ಎಂದರೆ ಭೌತಶಾಸ್ತ್ರ ಒಪ್ಪುವುದಿಲ್ಲ. ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬೇಕು. ಟ್ಯಾಕ್ಸಿಯ ಡಿಕ್ಕಿಯಲ್ಲಿ ಕೂರಬೇಕು ಎಂಬುದು ಈ ಊರಿನ ನಾಲ್ಕನೆಯ ಷರತ್ತು.

ಹಿಂದಿನವರಿಗೆ ಟ್ಯಾಕ್ಸಿಯ ಚಿಂತೆ ಇರಲಿಲ್ಲ. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ಎಂಬ 300 ವ್ಯಾಟಿನ ವಾಲ್ವ್ ಹೆಡ್ (ಟ್ರಾನ್ಸಿಸ್ಟರ್ ಬದಲು ಹಳೆಯ ರೇಡಿಯೋದಂತೆ ಗಾಜಿನ ವಾಲ್ವ್‌ಗಳಿರುವುದು) ತಂದಾಗ ಅದಕ್ಕೆ ಜೋಡಿಯಾಗಿ ಬಂದವು ತಲಾ ಎಂಟು ಹತ್ತಿಂಚಿನ ಸ್ಪೀಕರ್‌ಗಳ ಎರಡು ಮುಚ್ಚಿದ ಪೆಟ್ಟಿಗೆಗಳು. ಆ ಬಗೆಯ ಪೆಟ್ಟಿಗೆಯನ್ನು ಎದೆಯೆತ್ತರದ ಕಪಾಟು ಎನ್ನಬೇಕು, ಇಂದಿನದೂ 60 ಕಿಲೋ ದಾಟುತ್ತದೆ. ಅದರೊಳಗಿನ ಒಂದೊಂದು ಸ್ಪೀಕರ್ 32 ಓಮ್, ಎಂಟೂ ಪ್ಯಾರಲಲ್ ಆದಾಗ 4. ವಾಲ್ವ್ ಹೆಡ್ಡಿನ ಸ್ವಭಾವವೇ ಬೇರೆ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಂಥದೇ ಓಮ್ ಎಂದು ಕೇಳುತ್ತದೆ, ಹಿಂದಿನ ಸ್ವಿಚ್ಚನ್ನು ಪೆಟ್ಟಿಗೆಗೆ ತಕ್ಕಂತೆ ಇಡಬೇಕು. ಸ್ಪೀಕರ್ ಜೋಡಿಸದೆ ಅದನ್ನು ನುಡಿಸಿದರೆ ಟ್ರಾನ್ಸ್‌ಫಾರ್ಮರಿಗೇ ಕುತ್ತು. ಟ್ರಾನ್ಸಿಸ್ಟರ್ ಹೆಡ್ಡಿಗೆ ಸ್ಪೀಕರ್ ಇಲ್ಲದಿದ್ದರೆ ಚಿಂತೆಯಿಲ್ಲ, ಶಾರ್ಟ್ ಆದರೆ ಕಷ್ಟ.

ಆ ಹುಡುಗನಿಗೆ 800 ಆಗಲಿ 500 ಆಗಲಿ ಯಾಕೆ ಬೇಕಿತ್ತು ಎಂದೂ ಕೇಳಿದೆ. ಸಭಾಂಗಣದಲ್ಲಿ ದೊಡ್ಡ ಸೌಂಡ್ ಸಿಸ್ಟಮ್ ಇತ್ತಂತೆ. ಹೆಡ್ಡಿನ ಹಿಂದೆ ಮಿಕ್ಸರಿಗೆ ಕೊಡುವ ಡಿಐ ಔಟ್‌ಪುಟ್ ಇದೆ, ಅಲ್ಲಿಂದ ತಂತಿ ಎಳೆದರೆ ಸಭೆಗೆ ಕೇಳಿಸುವ ಹೊಣೆ ಅವರದು. ವೇದಿಕೆಯ ಪೆಟ್ಟಿಗೆ ಇವನ ಕಿವಿಗೂ ಡ್ರಮ್ಮಿನವನ ಕಿವಿಗೂ ಸಾಕು, ಒಂದೇ 8 ಓಮ್ ಪೆಟ್ಟಿಗೆ ಧಾರಾಳ. “ಹಾಗೆ ಮಾಡಿದರೆ ಎದೆಗೆ ಹೊಡೆಯುವುದಿಲ್ಲ ಅಣ್ಣಾ” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಅವನ ವಯಸ್ಸಿನಲ್ಲಿ ನನಗೂ ಎದೆಗೆ ಹೊಡೆಯಬೇಕಿತ್ತು.

ಮಧ್ಯಾಹ್ನ ಅವನು ಎರಡೂ ಪೆಟ್ಟಿಗೆಗಳನ್ನು ಟೆಂಪೊದಲ್ಲಿ ತರಿಸಿದ. ಮಲ್ಟಿಮೀಟರ್ ಅವನ ಕೈಗೇ ಕೊಟ್ಟೆ. 8 ಓಮಿನದು 6 ತೋರಿಸಿತು, 4 ಓಮಿನದು 3.2. ಮೀಟರ್ ಅಳೆಯುವುದು ತಂತಿಯ ನೇರ ತಡೆಯನ್ನು, ಓಡುವ ಸಂಗೀತದ ಇಂಪಿಡೆನ್ಸನ್ನಲ್ಲ, ಹಾಗಾಗಿ ಯಾವಾಗಲೂ ಸ್ವಲ್ಪ ಕಡಿಮೆಯೇ. ಎರಡನ್ನೂ ಅವನದೇ ತಂತಿಯಿಂದ ಸರಪಳಿ ಮಾಡಿ ಅಳೆಯಲು ಹೇಳಿದೆ. 2.1. ಎರಡು ಸಲ ಪಿನ್ ತೆಗೆದು ಹಾಕಿ ನೋಡಿದ.

ಆಗ ಕಣ್ಣಿಗೆ ಬಿದ್ದದ್ದು ಅವನ ಆ ತಂತಿ. ಗಿಟಾರಿನಿಂದ ಹೆಡ್ಡಿಗೆ ಹಾಕುವ ತಂತಿಯನ್ನೇ ಪೆಟ್ಟಿಗೆಗೂ ಹಾಕಿದ್ದ. ಪಿನ್ ಒಂದೇ ರೀತಿ, ಒಳಗಿನ ತಾಮ್ರ ದಾರದಷ್ಟು ತೆಳು. ಹತ್ತಾರು ಆಂಪಿಯರ್ ಹೊರುವ ಕೆಲಸ ಅದರದಲ್ಲ. 2.5 ಚದರ ಮಿಲಿಮೀಟರಿನ ಜೋಡಿ ತಂತಿ ಕತ್ತರಿಸಿ, ಎರಡು ತುದಿಗೂ ಸ್ಪೀಕಾನ್ ಎಂಬ ಸ್ಪೀಕರ್ ತಂತಿಯ ಪ್ಲಗ್ ಹಾಕಿ ಕೊಟ್ಟೆ. ಅದನ್ನು ತಿರುಗಿಸಿ ಕೂರಿಸಿದರೆ ಹಾಡಿನ ನಡುವೆ ಯಾರ ಕಾಲು ತಾಗಿದರೂ ಕಳಚಿಕೊಳ್ಳುವುದಿಲ್ಲ. ಹೆಡ್ಡಿನಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ. ಫ್ಯಾನಿನ ಜಾಲರಿಯಲ್ಲಿ ಕಟ್ಟಿದ್ದ ಧೂಳನ್ನು ಊದಿ, ತಂತಿಯ ದುಡ್ಡು ಮಾತ್ರ ತೆಗೆದುಕೊಂಡೆ. ನಾಲ್ಕು ಓಮಿನ ಪೆಟ್ಟಿಗೆಯನ್ನು ಅದೇ ಟೆಂಪೊದಲ್ಲಿ ಗೆಳೆಯನ ಮನೆಗೆ ಕಳುಹಿಸಿದ.