ಪದ ಪರಿಚಯ: ‘ನ್ಯಾಚುರಲ್’ ಆಟಗಾರ

ಐಪಿಎಲ್ ಮ್ಯಾಚ್ ನೋಡ್ತಾ ಕೂತಿದ್ದೆವು. ವೆಸ್ಟ್ ಇಂಡೀಸಿನ ಆಟಗಾರನೊಬ್ಬ ಸಿಕ್ಸ್ ಎತ್ತಿದ. ‘ಅವರಿಗೆ ರಕ್ತದಲ್ಲೇ ಇರುತ್ತೆ ಬಿಡೋ’ ಅಂದರು ನಮ್ಮ ಮಾವ. ಕಾಮೆಂಟರಿಯವರು ಹೇಳಿದ್ದೂ ಅದನ್ನೇ: ‘ನ್ಯಾಚುರಲ್ ಅಥ್ಲೀಟ್’.

ಹುಟ್ಟಿನಿಂದಲೇ ಕಸುವು ಬಂದವನು ಎಂದು ಇದರ ಅರ್ಥ. ಕೇಳೋಕೆ ಹೊಗಳಿಕೆಯೇ. ಆದರೆ ಈ ಪದ ಯಾರಿಗೆ ಸಿಗುತ್ತೆ, ‘ಚುರುಕು ತಲೆ’ ಅನ್ನುವುದು ಯಾರಿಗೆ ಸಿಗುತ್ತೆ, ಸ್ವಲ್ಪ ಗಮನಿಸಿ. 2020ರಲ್ಲಿ ರನ್‌ರಿಪೀಟ್ ಸಂಸ್ಥೆ ಯುರೋಪಿನ 80 ಫುಟ್‌ಬಾಲ್ ಪಂದ್ಯಗಳ ಇಂಗ್ಲಿಷ್ ಕಾಮೆಂಟರಿಯನ್ನು ಕೂತು ಎಣಿಸಿತು. ಮೈಬಲದ ಮಾತು ಬಂದಾಗ ಅದು ಕಪ್ಪು ಮೈಬಣ್ಣದವರ ಬಗ್ಗೆ ಇರುವ ಸಾಧ್ಯತೆ 6 ಪಟ್ಟಿಗೂ ಜಾಸ್ತಿ ಇತ್ತು. ಬುದ್ಧಿವಂತಿಕೆಯ ಹೊಗಳಿಕೆಯಲ್ಲಿ ಶೇ 60ಕ್ಕಿಂತ ಹೆಚ್ಚು ಪಾಲು ತಿಳಿ ಮೈಬಣ್ಣದವರಿಗೆ ಹೋಗಿತ್ತು. ಮೈಬಲದ ಮಾತು ಕೇಳೋಕೆ ಹೊಗಳಿಕೆಯ ಹಾಗೇ ಇರುತ್ತೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ.

ಕ್ರಿಕೆಟ್‌ನಲ್ಲಿ ಇದರ ಹಳೇ ರೂಪ ‘ಕ್ಯಾಲಿಪ್ಸೋ ಕ್ರಿಕೆಟ್’ (ಕ್ಯಾಲಿಪ್ಸೋ ಅಂದರೆ ಅಲ್ಲಿನ ಜನಪ್ರಿಯ ಹಾಡಿನ ಶೈಲಿ). ವೆಸ್ಟ್ ಇಂಡೀಸಿನವರು ಖುಷಿಗೆ ಆಡ್ತಾರೆ, ಯೋಜನೆ ಗೀಜನೆ ಇಲ್ಲ ಅನ್ನುವ ಧಾಟಿ. ಕ್ಲೈವ್ ಲಾಯ್ಡ್ ಆ ತಂಡದ ನಾಯಕನಾಗಿ ಆಡಿದ ಮೊದಲ ಟೆಸ್ಟ್ ನಮ್ಮ ಚಿನ್ನಸ್ವಾಮಿಯಲ್ಲೇ, 1974ರ ನವೆಂಬರ್‌ನಲ್ಲಿ. ಅದು ಆ ಮೈದಾನದ ಮೊದಲ ಟೆಸ್ಟ್ ಕೂಡ. ಮುಂದೆ ದಿಗ್ಗಜ ಬ್ಯಾಟರ್ ಆದ ವಿವಿಯನ್ ರಿಚರ್ಡ್ಸ್ ಅಲ್ಲೇ ಮೊದಲ ಬಾರಿ ಟೆಸ್ಟ್ ಆಡಿ ಗಳಿಸಿದ್ದು 4 ಮತ್ತು 3 ರನ್. ಎರಡೂ ಸಲ ನಮ್ಮ ಸ್ಪಿನ್ನರ್ ಚಂದ್ರಶೇಖರ್‌ಗೇ ವಿಕೆಟ್. ರಕ್ತ ಅವತ್ತು ರಜೆಯಲ್ಲಿತ್ತೇನೋ! ಮುಂದೆ ಲಾಯ್ಡ್ ತಂಡ ಡೆನಿಸ್ ವೇಯ್ಟ್ ಎಂಬ ಆಸ್ಟ್ರೇಲಿಯಾದ ಟ್ರೈನರ್‌ನನ್ನು ಇಟ್ಟುಕೊಂಡು ಮೈ ಹುರಿಗೊಳಿಸಿತು. ‘ನ್ಯಾಚುರಲ್’ ಅಂದಾಗ ಮರೆಯಾಗುವುದು ಆ ಬೆವರೇ.

ನಮ್ಮ ರಾಜ್ಯದಲ್ಲೂ ಇದು ನಡೆದಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿಕೊಂಡಿತು. ಪೂರ್ವಜರು ಆಫ್ರಿಕಾದವರು, ಹಾಗಾಗಿ ಓಡ್ತಾರೆ ಅನ್ನುವ ಲೆಕ್ಕ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಓಡೋಕೆ ಕೋಚ್ ಬೇಕು, ಟ್ರ್ಯಾಕ್ ಬೇಕು, ಸ್ಪೈಕ್ ಶೂ, ಹೊಟ್ಟೆ ತುಂಬ ಊಟ ಬೇಕು. ಪೂರ್ವಜರ ಊರು ಅದನ್ನೆಲ್ಲ ಕೊಡುವುದಿಲ್ಲ.

ಮಾವನನ್ನು ಕೇಳಿದೆ: ‘ದ್ರಾವಿಡ್‌ಗೂ ರಕ್ತದಲ್ಲೇ ಇತ್ತಾ?’

‘ಅವನದು ಬಿಡಪ್ಪ, ನೆಟ್ಸಲ್ಲಿ ಬೆಳಗಿಂದ ಸಂಜೆವರೆಗೂ...’ ಅಂತ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, ರಿಮೋಟ್ ಹುಡುಕತೊಡಗಿದರು.