ಲಂಡನ್‌ಗೆ ಹೋಗೋಕೆ ಐದೂವರೆ ಗಂಟೆ, ಬರೋಕೆ ಹದಿನೈದಾ?

"ಸಾರ್, ಮಗಳು ಲಂಡನ್‌ನಲ್ಲಿದ್ದಾಳೆ. ಬೆಂಗಳೂರಿನಿಂದ ಎಷ್ಟು ದೂರ? ಎಷ್ಟು ಹೊತ್ತಾಗುತ್ತೆ?" ಹಾಸನದಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ನೇರ ವಿಮಾನಕ್ಕೆ ಸುಮಾರು 8,000 ಕಿ.ಮೀ. ಹೋಗುವಾಗ ಹನ್ನೊಂದು ಗಂಟೆಯ ಹತ್ತಿರ, ಬರುವಾಗ ಒಂದು ಗಂಟೆಯಷ್ಟು ಕಡಿಮೆ. ಯಾವುದಾದರೂ ದೇಶ ತನ್ನ ಆಕಾಶ ಬಂದ್ ಮಾಡಿದ್ದರೆ ಸುತ್ತು ಹಾಕಬೇಕು, ಆಗ ಇನ್ನೂ ಜಾಸ್ತಿ.

"ಉಲ್ಟಾ ಹೇಳ್ತಿದ್ದೀರಿ ಸಾರ್. ಭೂಮಿ ಪೂರ್ವಕ್ಕೆ ತಿರುಗುತ್ತೆ. ಪಶ್ಚಿಮಕ್ಕೆ ಹೋದರೆ ಲಂಡನ್ನೇ ಎದುರಿಗೆ ಬರುತ್ತೆ ಅಲ್ವಾ?"

ಬರಲ್ಲ. ಎಷ್ಟನೇ ಸಲ ಹೇಳ್ತಿದ್ದೇನೋ ಲೆಕ್ಕವಿಲ್ಲ. ಹಾಸನದ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಮಂಗಳೂರು ಇಲ್ಲಿಂದ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ, 135 ಕಿ.ಮೀ. ನಿಮ್ಮ ಮಾತು ನಿಜವಾದರೆ ಹೆಲಿಕಾಪ್ಟರ್ ಹತ್ತಿ ಹಾಸನದ ಮೇಲೆ ಐದು ನಿಮಿಷ ಸುಮ್ನೆ ನಿಂತರೆ ಸಾಕು, ಮಂಗಳೂರೇ ಕಾಲಡಿಗೆ ಬರಬೇಕು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ತೆವಳುವ ಗೋಳೇ ಇರುತ್ತಿರಲಿಲ್ಲ!

ನೆಲದ ಜೊತೆ ಗಾಳಿಯೂ ತಿರುಗುತ್ತದೆ. ಕಿಟಕಿ ಮುಚ್ಚಿದ ಸಕಲೇಶಪುರದ ಬಸ್ಸಿನೊಳಗೆ ನೊಣ ನೋಡಿದ್ದೀರಾ? ಎಲ್ಲೂ ಕೂರದೆ ಗುಯ್‌ಗುಡುತ್ತಿರುತ್ತದೆ. ಬಸ್ಸು ಅರವತ್ತರಲ್ಲಿ ಓಡುತ್ತಿದ್ದರೂ ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ. ಒಳಗಿನ ಗಾಳಿಯೂ ಬಸ್ಸಿನ ಜೊತೆಗೇ ಹೊರಟಿದೆ. ವಿಮಾನವೂ ಆ ನೊಣದ ಹಾಗೇ.

ಈ ತಪ್ಪು ಹುಟ್ಟುವುದು ಟಿಕೆಟ್ ನೋಡಿ. ಬೆಳಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.30ಕ್ಕೆ ಲಂಡನ್ ಎಂದಿದೆ ಅಂದುಕೊಳ್ಳಿ. ಐದೂವರೆ ಗಂಟೆ! ವಾಪಸ್ ಬರುವಾಗ ಮಧ್ಯಾಹ್ನ 2ಕ್ಕೆ ಹೊರಟು ಮಾರನೇ ದಿನ ಬೆಳಗಿನ ಜಾವ 5.20. ಹದಿನೈದು ಗಂಟೆ ಮೇಲಾಯಿತು! ಆದರೆ ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಹೊತ್ತು. ಲಂಡನ್ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಅವರ ಬೇಸಿಗೆಯಲ್ಲಿ ನಾಲ್ಕೂವರೆ. ಚಳಿಗಾಲದ ಲೆಕ್ಕ ಹಿಡಿದು ಹೋಗುವುದಕ್ಕೆ ಐದೂವರೆ ಕೂಡಿಸಿ, ಹನ್ನೊಂದು. ಬರುವುದರಲ್ಲಿ ಕಳೆಯಿರಿ, ಒಂಬತ್ತು ಗಂಟೆ ಐವತ್ತು ನಿಮಿಷ. ಈಗ ಉಲ್ಟಾ ಹೇಳಿದ್ದು ಯಾರು?

ಬರುವಾಗ ಬೇಗ ಆಗುವುದು ಗಾಳಿಯಿಂದ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ರಭಸ ಜಾಸ್ತಿ. 2020ರ ಫೆಬ್ರವರಿಯಲ್ಲಿ ಅದು ಬೆನ್ನಿಗೆ ಸಿಕ್ಕಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತ್ತು.

ಹಾಗಾದರೆ ಹೋಗುವಾಗ ಕಳೆದುಕೊಂಡ ಹೊತ್ತು ಬರುವಾಗ ವಾಪಸ್ ಸಿಗುತ್ತಾ? ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಪೂರ್ತಿ ಸಿಗಲ್ಲ. ವಿಮಾನದ ವೇಗ 900, ಗಾಳಿ 100 ಎಂದಿಟ್ಟುಕೊಳ್ಳಿ. 8,000 ಕಿ.ಮೀ. ಹೋಗೋಕೆ ಹತ್ತು ಗಂಟೆ, ಬರೋಕೆ ಎಂಟು. ಗಾಳಿಯೇ ಇಲ್ಲದಿದ್ದರೆ ಎರಡೂ ಸೇರಿ 17 ಗಂಟೆ 47 ನಿಮಿಷಕ್ಕೆ ಮುಗಿಯುತ್ತಿತ್ತು. ಎದುರುಗಾಳಿಯಲ್ಲಿ ಒದ್ದಾಡುವ ಹೊತ್ತು ಜಾಸ್ತಿ, ಬೆನ್ನುಗಾಳಿಯ ಸುಖ ಬೇಗ ಮುಗಿಯುತ್ತದೆ. ಆ ಹದಿಮೂರು ನಿಮಿಷ ಹೋಗುವುದು ಅಲ್ಲಿ.