ಸರ್ವೀಸ್‌ಗೆ ಬಿಟ್ಟ ಕಾರಿನ ಮೈಮೇಲೆ ಗೀರು: ತಪ್ಪಿಸೋದು ಹೇಗೆ?

ಪ್ರಶ್ನೆ: ಕಪ್ಪು ಬಣ್ಣದ ಹೊಸ ಕಾರು ತೊಗೊಂಡು ಆರು ತಿಂಗಳಾಯಿತು. ಎರಡನೇ ಸರ್ವೀಸ್ ಮುಗಿಸಿ ತಂದ ಮರುದಿನ ಬಿಸಿಲಲ್ಲಿ ನೋಡಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೆರೆಗಳು. ಕೇಳಿದ್ದಕ್ಕೆ ‘ಇದು ಮೊದಲೇ ಇತ್ತು ಸರ್, ಬೇಕಾದರೆ ಪಾಲಿಶ್ ಮಾಡಿಕೊಡ್ತೀವಿ, ಚಾರ್ಜ್ ಆಗತ್ತೆ’ ಅಂದರು. ಮುಂದಿನ ಸಲ ಕಾರು ಬಿಡುವಾಗ ಪೇಂಟ್ ಕಾಪಾಡಿಕೊಳ್ಳೋಕೆ ಏನು ಮಾಡಲಿ?

ಉತ್ತರ: ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ‘ವಾಶ್ ಬೇಡ’ ಅನ್ನಿ. ಆಯಿಲ್ ಬದಲಾಯಿಸಲಿ, ಫಿಲ್ಟರ್ ಹಾಕಲಿ, ಅಲೈನ್‌ಮೆಂಟ್ ನೋಡಲಿ. ತೊಳೆಯೋದು ಮಾತ್ರ ಬೇಡ. ಸರ್ವೀಸ್ ಸೆಂಟರಿನಲ್ಲಿ ಪೇಂಟ್ ಕೆಡುವುದು ಮೆಕ್ಯಾನಿಕ್ ಕೈಯಲ್ಲಿ ಅಪರೂಪ. ಬಹುಪಾಲು ಕೆಡುವುದು ಕೊನೆಯ ಅರ್ಧ ಗಂಟೆಯಲ್ಲಿ, ಬಿಟ್ಟಿ ಸಿಕ್ಕಿತೆಂದು ನಾವೇ ಖುಷಿಪಡುವ ವಾಟರ್ ವಾಶ್‌ನಲ್ಲಿ.

ಆ ಗೆರೆ ಏನು ಅನ್ನೋದನ್ನು ಮೊದಲು ನೋಡಿಬಿಡೋಣ. ಅಡುಗೆಮನೆಯಿಂದ ದಿನಾ ಉಜ್ಜಿಸಿಕೊಂಡು ಹಳೆಯದಾದ ಒಂದು ಸ್ಟೀಲ್ ತಟ್ಟೆ ತಂದು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಕೂದಲೆಳೆಯಂಥ ಗೆರೆಗಳು ಸುತ್ತುಸುತ್ತಾಗಿ ಕಾಣುತ್ತವೆ. ಈಗ ತಟ್ಟೆ ಸ್ವಲ್ಪ ಸರಿಸಿ. ಬಿಂಬ ಹೋದಲ್ಲಿಗೆ ಆ ಸುತ್ತೂ ಹೋಗುತ್ತದೆ! ಗೀರುಗಳು ಎಲ್ಲ ದಿಕ್ಕಿಗೂ ಇವೆ, ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಬಳೆಯ ಹಾಗೆ ಕಾಣುತ್ತವೆ. ನಿಮ್ಮ ಬಾನೆಟ್ ಮೇಲಿರೋದೂ ಇದೇ. ಡೀಟೇಲಿಂಗ್, ಅಂದರೆ ಕಾರಿನ ಮೈ ತೊಳೆದು ಪಾಲಿಶ್ ಮಾಡಿಕೊಡುವ ಅಂಗಡಿಯವರು ಇದನ್ನು ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಬಿಳಿ, ಸಿಲ್ವರ್ ಕಾರಿನ ಮೇಲೂ ಇಷ್ಟೇ ಇರುತ್ತವೆ, ಕಾಣೋದಿಲ್ಲ ಅಷ್ಟೆ. ಕಪ್ಪು ಕಾರು ಕೊಂಡವರ ಕಷ್ಟ ಕಪ್ಪು ಕಾರು ಕೊಂಡವರಿಗೇ ಗೊತ್ತು.

ತಗಡಿನ ಮೇಲಿರುವ ಪೇಂಟು ಎಲ್ಲ ಪದರ ಸೇರಿ 100ರಿಂದ 130 ಮೈಕ್ರಾನ್ ಆಸುಪಾಸು. ಜೆರಾಕ್ಸ್ ಮಾಡುವ ಒಂದು ಹಾಳೆಯ ದಪ್ಪ ಅಂದುಕೊಳ್ಳಿ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಹೊಳಪೆಲ್ಲ ಈ ಕ್ಲಿಯರ್ ಕೋಟಿನದು, ಅದರ ದಪ್ಪ ಸುಮಾರು 40 ಮೈಕ್ರಾನ್. ನಮ್ಮ ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಗಾಜನ್ನೇ ಗೀರಬಲ್ಲಷ್ಟು ಗಟ್ಟಿ. ಅಂಥ ಕಣವನ್ನು ಬಟ್ಟೆಯಲ್ಲಿ ಹಿಡಿದು ಕ್ಲಿಯರ್ ಕೋಟ್ ಮೇಲೆ ಎಳೆದರೆ ಏನಾಗುತ್ತದೋ ಅದೇ ನಿಮಗಾಗಿರೋದು.

ಸಂಜೆ ನಾಲ್ಕೂವರೆಗೆ ಯಾವುದಾದರೂ ಸರ್ವೀಸ್ ಸೆಂಟರಿನ ವಾಶಿಂಗ್ ಜಾಗದ ಹತ್ತಿರ ನಿಂತು ನೋಡಿ. ಡೆಲಿವರಿ ಹೊತ್ತು, ಕಾರುಗಳು ಸಾಲುಗಟ್ಟಿರುತ್ತವೆ. ಪ್ರೆಶರ್ ಗನ್ನಿನ ನೀರು, ಮೇಲೆ ನೊರೆ, ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ. ಆಮೇಲೆ ಬರುತ್ತದೆ ಸ್ಪಾಂಜು. ಹಿಂದಿನ ಕಾರಿನ ಟೈರು ಉಜ್ಜಿ, ಒಂದೆರಡು ಸಲ ನೆಲಕ್ಕೂ ಬಿದ್ದು, ಅದೇ ಬಕೆಟ್ಟಿನಲ್ಲಿ ಮುಳುಗೆದ್ದು ನಿಮ್ಮ ಬಾನೆಟ್‌ಗೆ ಬಂದಿರುತ್ತದೆ. ಒಮ್ಮೆ ನಾನು ಸುಮ್ಮನೆ ಅಂಥ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿದೆ. ಮುಷ್ಟಿಗೆ ಬಂದದ್ದು ಕೆಸರಲ್ಲ, ಒಳ್ಳೇ ಮರಳು. ಕೊನೆಗೆ ಒರೆಸುವ ಬಟ್ಟೆ: ಹಿಂಡಿ ಹಿಂಡಿ ಬಣ್ಣ ಕಳೆದುಕೊಂಡಿರುವ ಅದು ಬಾಗಿಲ ಕೆಳಗಿನ ಅಂಚು ಒರೆಸಿ ನೇರ ರೂಫಿಗೆ ಹತ್ತುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಹತ್ತು ನಿಮಿಷಕ್ಕೊಂದು ಕಾರು ಮುಗಿಸು ಅಂದವರು ಸ್ಪಾಂಜು ಜಾಲಿಸೋಕೆ ಎರಡನೇ ಬಕೆಟ್ ಕೊಟ್ಟಿರೋದಿಲ್ಲ.

‘ಮೊದಲೇ ಇತ್ತು’ ಅನ್ನುವ ಅವರ ಮಾತು ಪೂರ್ತಿ ಸುಳ್ಳಾಗಿರಬೇಕಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಬಂದು ಒಂದೇ ಬಕೆಟ್ ನೀರಲ್ಲಿ ಇಡೀ ಸಾಲಿನ ಕಾರು ಒರೆಸಿ ಹೋಗುವವರು ನಿಮಗೂ ಇದ್ದರೆ, ಗೆರೆಗಳಲ್ಲಿ ಅವರ ಪಾಲೂ ಇರುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತಲ್ಲ, ನೀರು ಉಳಿಸೋದು ಸರಿಯೇ. ಆದರೆ ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಒರೆಸುವುದಕ್ಕಿಂತ ಒರೆಸದೆ ಬಿಡುವುದು ಲೇಸು. ಕೂತ ಧೂಳು ಗೀರೋದಿಲ್ಲ, ಎಳೆದ ಧೂಳು ಗೀರುತ್ತದೆ.

ಈಗ ‘ವಾಶ್ ಬೇಡ’ ಅನ್ನೋದು ಹೇಗೆ? ಬಾಯಲ್ಲಿ ಹೇಳಿದರೆ ಸಾಲದು. ನನ್ನದೇ ಕಥೆ ಕೇಳಿ. ಒಮ್ಮೆ ಸರ್ವೀಸ್ ಅಡ್ವೈಸರ್‌ಗೆ ಹೇಳಿ, ಕಾರಿಗೆ ಏನೇನು ಕೆಲಸ ಅಂತ ನಮೂದಿಸುವ ಜಾಬ್ ಕಾರ್ಡಿನಲ್ಲೂ ಬರೆಸಿ ನೆಮ್ಮದಿಯಿಂದ ಆಫೀಸಿಗೆ ಹೋದೆ. ಸಂಜೆ ಬಂದರೆ ಕಾರು ಫಳಫಳ! ತೊಳೆದ ಹುಡುಗ ನಗುತ್ತ, ‘ಸರ್, ನಿಮ್ದೊಂದೇ ಗಾಡಿ ವಾಶ್‌ಗೆ ಬಂದಿರಲಿಲ್ಲ, ಪಾಪ ಅಂತ ನಾನೇ ತೊಳೆದುಬಿಟ್ಟೆ’ ಅಂದ. ಏನಂತ ಹೇಳೋದು? ಥ್ಯಾಂಕ್ಸ್ ಅಂದೆ. ಜಾಬ್ ಕಾರ್ಡು ಅಡ್ವೈಸರ್ ಮೇಜಿನ ಕಂಪ್ಯೂಟರಿನಲ್ಲಿ ಇರುತ್ತದೆ, ತೊಳೆಯುವವರಿಗೆ ಕಾಣುವುದು ಕಾರು ಮಾತ್ರ. ಹಾಗಾಗಿ ಈಗ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಈ ಕಾರು ತೊಳೆಯಬೇಡಿ, ಒರೆಸಬೇಡಿ’ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಸ್ಟೀರಿಂಗ್‌ಗೆ ಸಿಕ್ಕಿಸುತ್ತೇನೆ. ‘ಒರೆಸಬೇಡಿ’ ಮರೆಯಬೇಡಿ, ತೊಳೆಯಬೇಡಿ ಅಂದಷ್ಟಕ್ಕೆ ಒಣಬಟ್ಟೆಯಲ್ಲಿ ಒರೆಸಿ ಕೊಟ್ಟವರೂ ಇದ್ದಾರೆ. ಜಾಬ್ ಕಾರ್ಡಿನಲ್ಲಿ ಬರೆಸೋದನ್ನೂ ಬಿಡಬೇಡಿ, ನಾಳೆ ಮಾತಿಗೆ ಮಾತು ಬಂದರೆ ಕೈಯಲ್ಲಿ ಕಾಗದ ಇರಬೇಕು. ತಳಭಾಗದ ಕೆಸರು ತೆಗೆಯದೆ ಕೆಲಸ ಆಗೋದಿಲ್ಲ ಅಂದರೆ ಅಂಡರ್‌ಬಾಡಿಗೆ ನೀರು ಹೊಡೆಯಲಿ, ಮೈಗೆ ಬಟ್ಟೆ ತಾಗಿಸಬೇಡಿ ಅನ್ನಿ. ಮೇಲೂ ನೀರು ಹೊಡೆದು ಬಿಸಿಲಿಗೆ ನಿಲ್ಲಿಸಿದರೆ ಗಡಸು ಬೋರ್‌ವೆಲ್ ನೀರಿನ ಬಿಳಿ ಕಲೆ ಕೂರುತ್ತದೆ, ಅದು ಬೇರೆ ತಲೆನೋವು.

ಹಿಂದಿನ ದಿನ ಮನೆಯಲ್ಲೇ ಕಾರು ತೊಳೆದು ಒಯ್ಯೋದು ಒಳ್ಳೇದು. ಕ್ಲೀನಾಗಿರುವ ಗಾಡಿ ಕಂಡರೆ ಯಾರಿಗೂ ‘ಪಾಪ’ ಅನ್ನಿಸೋದಿಲ್ಲ. ಫೋಟೋದಲ್ಲೂ ಮೈ ಸ್ಪಷ್ಟ ಬರುತ್ತದೆ. ಬಿಡುವಾಗ ಗೇಟಿನ ಹತ್ತಿರ ಬೆಳಕಿನಲ್ಲಿ ಸುತ್ತು ಹಾಕಿ ಒಂದು ವಿಡಿಯೋ ಮಾಡಿ, ಓಡೋಮೀಟರಿನಿಂದ ಶುರು ಮಾಡಿ ನಾಲ್ಕೂ ಬಾಗಿಲು, ಬಂಪರ್ ಮೂಲೆ, ಅಲಾಯ್ ಚಕ್ರ ಎಲ್ಲ ಬರಲಿ. ಅಡ್ವೈಸರ್ ಜಾಬ್ ಕಾರ್ಡಿನಲ್ಲಿ ಕಾರಿನ ಚಿತ್ರದ ಮೇಲೆ ಹಾಕುವ ಗುರುತುಗಳನ್ನು ಓದಿಯೇ ಸಹಿ ಹಾಕಿ. ವಾಪಸ್ ತೊಗೊಳ್ಳುವಾಗಲೂ ಹಾಗೇ. ಕತ್ತಲಾದ ಮೇಲೆ ಬೇಸ್‌ಮೆಂಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಯಾವ ಗೀರೂ ಕಾಣೋದಿಲ್ಲ, ಬೆಳಕಿರುವಾಗಲೇ ಹೋಗಿ. ಗೇಟ್ ದಾಟಿದ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಮೆಕ್ಯಾನಿಕ್ ಕಡೆಯಿಂದ ನಾನು ನಿಜಕ್ಕೂ ಹೆದರೋದು ಒಂದಕ್ಕೇ: ಬ್ರೇಕ್ ಆಯಿಲ್. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಈ ದ್ರವ ಗ್ಲೈಕಾಲ್ ಜಾತಿಯದು, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಚೆಲ್ಲಿ ಹಾಗೇ ಉಳಿದರೆ ಪೇಂಟನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ. ನೀರಲ್ಲಿ ಕರಗುತ್ತದೆ, ಆದ್ದರಿಂದ ಆ ಕ್ಷಣವೇ ಧಾರಾಳವಾಗಿ ನೀರು ಸುರಿದರೆ ಬಚಾವು. ಒರೆಸಿದರೆ ಹರಡುತ್ತದೆ. ಆ ಕೆಲಸವಿದ್ದ ದಿನ ಫೆಂಡರ್ ಮೇಲೆ ಕವರ್ ಹೊದಿಸಿ ಅಂತ ಕೇಳಿ, ಬೆಲ್ಟ್ ಬಕಲ್ ತಾಗೋದೂ ಸ್ಪ್ಯಾನರ್ ಇಡೋದೂ ಅದರಲ್ಲೇ ತಪ್ಪುತ್ತದೆ. ಗಾಡಿ ಗುರುತಿಸೋಕೆ ರೂಫ್ ಮೇಲೆ ನಂಬರಿನ ಅಯಸ್ಕಾಂತದ ಟೋಪಿ ಇಡುವವರಿದ್ದರೆ ಡ್ಯಾಶ್‌ಬೋರ್ಡ್ ಮೇಲೆ ಇಡಿ ಅನ್ನಿ.

ಇನ್ನು ಪಾಲಿಶ್. ಚಾರ್ಜ್ ಇರಲಿ, ಬಿಟ್ಟಿ ಕೊಟ್ಟರೂ ಅವಸರದಲ್ಲಿ ಹೂಂ ಅನ್ನಬೇಡಿ. ರಬ್ಬಿಂಗ್ ಅಂದರೆ ಗೀರು ತುಂಬೋದಲ್ಲ, ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸೋದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಇರೋದೇ 40. ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡ ಡೀಟೇಲರ್ ಹತ್ತಿರ ಒಮ್ಮೆ ಮಾಡಿಸಿ, ಆಮೇಲೆ ತೊಳೆಯುವ ರೀತಿ ಬದಲಾಯಿಸಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರಿದ್ದರೆ ಪಾಲಿಶ್‌ಗೆ ಪೂರ್ತಿ ಹೋಗುವುದು ಕಷ್ಟ, ಹಟ ಹಿಡಿಯಬೇಡಿ. ಬಿಲ್ಲಿಗೆ ಸೇರಿಸಲು ನೋಡುವ ‘ಟೆಫ್ಲಾನ್ ಕೋಟಿಂಗ್’ ಬಗ್ಗೆ ಇಷ್ಟು: ಟೆಫ್ಲಾನ್ ಕರಗೋದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದೋಸೆ ಕಾವಲಿಗೆ ಅದನ್ನು ಕಾರ್ಖಾನೆಯಲ್ಲಿ ಕಾಯಿಸಿ ಕೂರಿಸುತ್ತಾರೆ. ಬಾನೆಟ್‌ಗೆ ಬಟ್ಟೆಯಲ್ಲಿ ಸವರಿದರೆ ಹಾಗೆ ಕೂರೋದಿಲ್ಲ. ಸೆರಾಮಿಕ್ ಕೋಟಿಂಗ್ ನೀರು ಜಾರಿಸುತ್ತದೆ, ತೊಳೆಯೋದು ಸುಲಭ. ಆದರೆ ಒಂದೆರಡು ಮೈಕ್ರಾನಿನ ಪದರ ಮರಳಿನ ಮುಂದೆ ಎಷ್ಟು ತಡೆದೀತು? ಗೀರು ನಿಜವಾಗಿ ತಾಳುವುದು 150ರಿಂದ 200 ಮೈಕ್ರಾನ್ ದಪ್ಪದ ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಅದರ ರೇಟು ಕೇಳಿದ ಮೇಲೆ ರಟ್ಟಿನ ಚೀಟಿಯ ಮೇಲೆ ನಿಮಗೂ ಪ್ರೀತಿ ಬರುತ್ತದೆ.

ಉಜ್ಜಿದ ಗೆರೆಯಲ್ಲ, ಬಾಗಿಲಿಗೆ ಗುದ್ದಿ ತಗ್ಗು ಮಾಡಿಯೇ ಕೊಟ್ಟರು ಅನ್ನಿ. ಆಗ ಜಾಬ್ ಕಾರ್ಡಿನ ಹಿಂದೆ ‘ವಾಹನ ಮಾಲೀಕರ ಜವಾಬ್ದಾರಿ’ ಅಂತ ಅಚ್ಚಾಗಿರೋದನ್ನು ತೋರಿಸುತ್ತಾರೆ. ಹೆದರಬೇಕಿಲ್ಲ. ನಮ್ಮ ವಸ್ತು ಇಟ್ಟುಕೊಂಡವರು ಅದನ್ನು ತಮ್ಮದರಷ್ಟೇ ಜೋಪಾನ ಮಾಡಬೇಕು ಅನ್ನೋದು 1872ರ ಕರಾರು ಕಾಯ್ದೆಯ 151ನೇ ಕಲಮು. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ವ್ಯಾಲೆಟ್ ಪಾರ್ಕಿಂಗಿಗೆ ಕೊಟ್ಟ ಮಾರುತಿ ಝೆನ್ ಕಳುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ, ಚೀಟಿಯಲ್ಲಿ ‘ಮಾಲೀಕರ ಜವಾಬ್ದಾರಿ’ ಅಂತ ಬರೆದ ಮಾತ್ರಕ್ಕೆ ಹೋಟೆಲು ತನ್ನವರ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ತೀರ್ಪು ಬರೆದವರು ನಮ್ಮ ಹಾವೇರಿ ಕಡೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಹೋಟೆಲಿಗೂ ಗ್ಯಾರೇಜಿಗೂ ವ್ಯತ್ಯಾಸ ಇದೆ ನಿಜ, ಆದರೂ ಮ್ಯಾನೇಜರ್ ಮುಂದೆ ಈ ಮಾತು ತೆಗೆದರೆ ದನಿ ಮೆತ್ತಗಾಗುತ್ತದೆ. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಸ್ವರ್ಲ್ ಗೆರೆಗೆ ಮಾತ್ರ ಈ ದಾರಿ ಹಿಡಿಯಬೇಡಿ. ಯಾವ ಬಟ್ಟೆ ಯಾವ ದಿನ ಗೀರಿತು ಅಂತ ಸಾಬೀತು ಮಾಡೋದು ನಿಮ್ಮಿಂದಲೂ ಆಗೋದಿಲ್ಲ, ವಕೀಲರಿಂದಲೂ ಆಗೋದಿಲ್ಲ.

ಹಾಂ, ಆ ರಟ್ಟನ್ನು ಸ್ಟೀರಿಂಗ್‌ಗೆ ಸಿಕ್ಕಿಸೋಕೆ ರಬ್ಬರ್ ಬ್ಯಾಂಡ್ ಬಳಸಿ. ನಾನು ಮೊದಲ ಸಲ ಸೆಲ್ಲೋಟೇಪ್ ಹಚ್ಚಿ, ಅದರ ಅಂಟು ಬಿಡಿಸೋಕೆ ಒಂದು ಭಾನುವಾರ ಕಳೆದಿದ್ದೇನೆ.